ಹವಣಿಸುವುದು, ಹಂಚಿಕಿ ಹಾಕುವುದು

'ಮಗಳ ಮದುವೆ ಮಾಡಲು ಹವಣಿಸುತ್ತಿದ್ದೇವೆ' ಎಂದು ಬೀಗರಿಗೆ ಪತ್ರ ಬರೆಯಬಹುದೇ ಎಂದು ಕೇಳಿದ್ದೀರಿ. ವ್ಯಾಕರಣದ ತಪ್ಪೇನಿಲ್ಲರೀ, ಆದರೆ ನಾನಾದರೆ ಬರೆಯುವುದಿಲ್ಲ. ಹವಣು ಅಂದರೆ ಅಳತೆ, ಸಿದ್ಧತೆ, ಹಳಗನ್ನಡದ 'ಪವಣ್'. ಅಣಿಮಾಡು ಎಂಬ ಅರ್ಥ ನಿಘಂಟಿನಲ್ಲಿ ಇನ್ನೂ ಇದೆ. ಪತ್ರಿಕೆಗಳು ಮಾತ್ರ 'ಕುರ್ಚಿ ಹಿಡಿಯಲು ಹವಣಿಸುತ್ತಿದ್ದಾರೆ' ಎಂದು ಬರೆದೂ ಬರೆದೂ ಅದಕ್ಕೆ ಸಂಚಿನ ವಾಸನೆ ಹತ್ತಿಸಿಬಿಟ್ಟಿವೆ. ಜೊತೆಗೆ, ಇನ್ನೂ ಕೈಗೂಡಿಲ್ಲ ಎಂಬ ಧ್ವನಿ ಬೇರೆ. ಬೀಗರಿಗೆ ಅದು ಹಿಡಿಸಲಿಕ್ಕಿಲ್ಲ!

ಇಂಥ ಹವಣಿಕೆಗೆ ನಮ್ಮ ಜಮಖಂಡಿ ಕಡೆ 'ಹಂಚಿಕಿ' ಅಂತೀವಿ. 'ಈ ಸಲ ಕಬ್ಬ ತಗದು ಅರಿಷಿಣ ಹಾಕೂ ಹಂಚಿಕಿ ಐತಿ' ಅಂದರೆ ಬರೀ ಯೋಜನೆ. 'ಅಂವ ಏನೋ ಹಂಚಿಕಿ ಹಾಕ್ಯಾನ' ಅಂದರೆ ಹುಷಾರಾಗಿರಬೇಕು. ನಿಮ್ಮ ಪತ್ರಕ್ಕೆ 'ಮದುವೆ ಮಾಡಬೇಕೆಂದಿದ್ದೇವೆ' ಸಾಕು.