94 ಮಕ್ಕಳಿಗೆ ಮೂವರು ಶಿಕ್ಷಕರು ಸಾಲದು, ಆದರೆ ಬರೀ ಮನವಿಯೂ ಸಾಲದು

ನಿಮ್ಮೂರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 94 ಮಕ್ಕಳಿಗೆ ಮೂವರೇ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಏನು ಮಾಡಬಹುದು ಅಂತ ಕೇಳಿದ್ದೀರಿ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಅನುಸೂಚಿ ಪ್ರಕಾರ 1ರಿಂದ 5ನೇ ತರಗತಿಯಲ್ಲಿ 61ರಿಂದ 90 ಮಕ್ಕಳಿಗೆ ಮೂವರು, 91ರಿಂದ 120ಕ್ಕೆ ನಾಲ್ವರು. ಅಂದರೆ ನೀವು ಕೇಳುತ್ತಿರುವುದು ದಯೆಯಲ್ಲ, ಲೆಕ್ಕ.

ಆದರೆ 94 ಅನ್ನುವುದು ಬಲು ನಾಜೂಕಿನ ಸಂಖ್ಯೆ. ನಾಲ್ಕು ಹೆಸರು ಬಿಟ್ಟುಹೋದರೆ ಇಲಾಖೆಯ ಕಣ್ಣಲ್ಲಿ ನಿಮ್ಮಲ್ಲಿ ಕೊರತೆಯೇ ಇಲ್ಲ. ಹಾಗಾಗಿ ಮೊದಲು ಹಾಜರಿ ಪುಸ್ತಕ, ಸ್ಯಾಟ್ಸ್ (ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆ), ಯುಡೈಸ್ (ದೇಶದ ಶಾಲೆಗಳ ಮಾಹಿತಿ ದಾಖಲೆ) ಮೂರನ್ನೂ ಎದುರಿಗಿಟ್ಟುಕೊಂಡು ತರಗತಿವಾರು ತಾಳೆ ನೋಡಿ. ವರ್ಗಾವಣೆಯಾಗಿ ಬಂದ ಮಗುವಿನ ಹೆಸರು ಹಳೇ ಶಾಲೆಯಲ್ಲೇ ಉಳಿದಿರುವುದು ಮಾಮೂಲಿ.

ಆಮೇಲೆ ಅದೇ ಕಾಯ್ದೆಯ ಕಲಂ 22ರ ಪ್ರಕಾರ ಸಮಿತಿ ತಯಾರಿಸಬೇಕಾದ ಶಾಲಾ ಅಭಿವೃದ್ಧಿ ಯೋಜನೆ. ಹೋದ ವರ್ಷದ ಪ್ರತಿಗೆ ತಾರೀಖು ಬದಲಿಸಿ ಸಹಿ ಹಾಕಿಸಿಕೊಳ್ಳೋದು ಬೇಡ. ಅಂಗನವಾಡಿ ಪಟ್ಟಿಯಿಂದ ಮುಂದಿನ ಮೂರು ವರ್ಷದ ದಾಖಲಾತಿ ಅಂದಾಜು ಮಾಡಿ, ಬೇಕಾದ ಶಿಕ್ಷಕರ ಸಂಖ್ಯೆ ಬರೆದು, ಸಭೆಯ ನಡಾವಳಿ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾಯಂ ಹುದ್ದೆ ತಡವಾಗುತ್ತೆ. ಅದೇ ಪತ್ರದಲ್ಲಿ ಅತಿಥಿ ಶಿಕ್ಷಕರನ್ನೂ ಕೇಳಿಬಿಡಿ.