ಬೇಲೂರಿನ ಗೋಪುರ ನೋಡೋಕೆ ಬರ್ತಿದ್ದೀರಾ? ದೊಡ್ಡಗದ್ದವಳ್ಳಿಯಿಂದ ಶುರು ಮಾಡಿ

ವಯಸ್ಸಾದ ತಂದೆ-ತಾಯಿಯನ್ನು ಕರೆದುಕೊಂಡು ಬರ್ತಿದ್ದೀರಿ, ಹಿಂದಿನ ರಾತ್ರಿ ಹಾಸನದಲ್ಲಿ ಉಳಿಯುತ್ತೀರಿ, ಬೇಲೂರಿನ ಗೋಪುರ ಹತ್ತಬಹುದಾ, ಅದೇ ದಿನ ಆಸುಪಾಸಿನಲ್ಲಿ ಇನ್ನೇನು ನೋಡಬಹುದು ಅಂತ ಕೇಳಿದ್ದೀರಿ. ಗೋಪುರ ಹತ್ತಲು ಬಿಡುವುದಿಲ್ಲ, ಕೆಳಗೆ ನಿಂತೇ ನೋಡಬೇಕು. ಇನ್ನು ಎರಡನೇ ಪ್ರಶ್ನೆ. ನಾನು ಹಾಸನದವನು, ನೆಂಟರು ಬಂದಾಗಲೆಲ್ಲ ಇದೇ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ. ಅದನ್ನೇ ಹೇಳ್ತೀನಿ.

ಬೇಲೂರು ಪೇಟೆಗೆ ಬರುತ್ತಿದ್ದ ಹಾಗೆ ಕಾಣುವ ಆ ಎತ್ತರದ ಗೋಪುರವನ್ನು ಹೊಯ್ಸಳರದ್ದು ಅಂದುಕೊಳ್ಳುವವರೇ ಜಾಸ್ತಿ. ಅದು ವಿಜಯನಗರದ ಕಾಲದ್ದು. ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಮುಂದೆ ದೆಹಲಿ ಸುಲ್ತಾನರ ಸೈನ್ಯದ ದಾಳಿಯಲ್ಲಿ ಹೆಬ್ಬಾಗಿಲು ಸುಟ್ಟುಹೋಯಿತು. ಎರಡನೇ ಹರಿಹರನ ದಂಡನಾಯಕ ಗುಂಡ ಅದನ್ನು 1397ರಲ್ಲಿ ಮತ್ತೆ ಕಟ್ಟಿಸಿದ. ಅಂದರೆ ಒಳಗಿನ ಗುಡಿಗೂ ಹೊರಗಿನ ಗೋಪುರಕ್ಕೂ ಹತ್ತಿರ ಹತ್ತಿರ 280 ವರ್ಷದ ಅಂತರ. ಬಾಗಿಲಲ್ಲಿ ನಿಂತು ಕತ್ತೆತ್ತಿದರೆ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ. ಕೆಳಗೆ ಕಲ್ಲಿನ ಕಟ್ಟಡ, ಮೇಲೆ ಇಟ್ಟಿಗೆ-ಗಾರೆಯಲ್ಲಿ ಮಾಡಿದ ಬೊಂಬೆಗಳ ಸಾಲು.

ಗೋಪುರ ದಾಟಿ ಒಳಗೆ ಕಾಲಿಟ್ಟರೆ ಎದುರಿಗಿರುವ ಗುಡಿ ಚಪ್ಪಟೆಯಾಗಿ ಕಾಣುತ್ತದೆ. ಅದರ ಮೇಲೂ ಶಿಖರ ಇತ್ತು. ಇಟ್ಟಿಗೆ, ಗಾರೆಯ ಆ ಶಿಖರ ಶಿಥಿಲವಾಗಿ, ಅದರ ಭಾರಕ್ಕೆ ಕೆಳಗಿನ ಗರ್ಭಗುಡಿಗೇ ಅಪಾಯ ಅನ್ನಿಸಿದಾಗ 1879ರಲ್ಲಿ ಇಳಿಸಿಬಿಟ್ಟರು. ಹೀಗಾಗಿ ಬೇಲೂರಿನಲ್ಲಿ ಗೋಪುರ ಸಿಗುತ್ತದೆ, ಹೊಯ್ಸಳರ ಶಿಖರ ಸಿಗುವುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರಕ್ಕೂ ಶಿಖರ ಇಲ್ಲ. ಈ ಎರಡನ್ನೇ ನೋಡಿ ವಾಪಸ್ ಹೋದವರಿಗೆ ಹೊಯ್ಸಳ ಗುಡಿ ಪೂರ್ತಿ ಹೇಗಿರುತ್ತದೆ ಅನ್ನೋದೇ ತಿಳಿಯುವುದಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಅಷ್ಟು ದೂರದಿಂದ ಬಂದವರು ಇನ್ನೊಂದಿಷ್ಟು ಕಿಲೋಮೀಟರ್ ಹೋದರೆ ಸಾಕು, ಅದು ಕಾಣುತ್ತದೆ.

ಅದಕ್ಕೇ ಬೆಳಿಗ್ಗೆ ಬೇಗ ಹೊರಟು ಮೊದಲು ದೊಡ್ಡಗದ್ದವಳ್ಳಿಗೆ ಹೋಗಿ. ಹಾಸನ-ಬೇಲೂರು ರಸ್ತೆಯಲ್ಲಿ ಸುಮಾರು 16 ಕಿ.ಮೀ. ಹೋಗಿ ಸ್ವಲ್ಪ ಒಳಗೆ ತಿರುಗಬೇಕು. ಕೆರೆ ಪಕ್ಕದ ಲಕ್ಷ್ಮೀದೇವಿ ಗುಡಿ. ಬೇಲೂರಿಗಿಂತಲೂ ಸ್ವಲ್ಪ ಹಿಂದಿನದು, 1114ರ ಆಸುಪಾಸಿನದು. ಕಟ್ಟಿಸಿದ್ದು ರಾಜ ಅಲ್ಲ, ಕುಲ್ಲಹಣ ರಾಹುತ ಅನ್ನುವ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಒಂದೇ ಸೂರಿನಡಿ ನಾಲ್ಕು ಗರ್ಭಗುಡಿ. ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರಗಳು ಹಾಗೇ ಉಳಿದಿವೆ. ಇಲ್ಲಿ ಕೆತ್ತನೆಯ ಅಬ್ಬರ ಇಲ್ಲ. ಆದರೆ ಕಾಳಿಯ ಗುಡಿಯ ಬಾಗಿಲಲ್ಲಿ ನಿಂತಿರುವ ಬೇತಾಳಗಳನ್ನು ಮಾತ್ರ ಬಿಡಬೇಡಿ. ಪಕ್ಕೆಲುಬು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಜನಸಂದಣಿ ಇರುವುದಿಲ್ಲ, ಅಪ್ಪ-ಅಮ್ಮ ನಿಧಾನಕ್ಕೆ ಓಡಾಡಬಹುದು.

ಅಲ್ಲಿಂದ ಬೇಲೂರು. ಬಿಸಿಲೇರುವ ಮೊದಲೇ ತಲುಪಿ. ಒಂದು, ಚಪ್ಪಲಿ ಹೊರಗೇ ಬಿಡಬೇಕು, ಮಧ್ಯಾಹ್ನ ಅಂಗಳದ ಕಲ್ಲುಹಾಸು ಕಾದ ಕಾವಲಿಯ ಹಾಗೆ ಸುಡುತ್ತದೆ. ಹಿರಿಯರಿಗೆ ಒಂದೊಂದು ಜೊತೆ ಸಾಕ್ಸ್ ಇಟ್ಟುಕೊಂಡಿರಿ. ಎರಡು, ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಬಾಗಿಲಿನ ಕಡೆಯ ಕೆತ್ತನೆಗೆ ಬೆಳಗಿನ ಬೆಳಕು ಬೀಳುತ್ತದೆ. ಇಲ್ಲಿ ದಿನಾ ಪೂಜೆ ನಡೆಯುತ್ತದೆ. ಮಧ್ಯಾಹ್ನ ಸ್ವಲ್ಪ ಹೊತ್ತು ಗರ್ಭಗುಡಿ ಬಾಗಿಲು ಹಾಕುತ್ತಾರೆ, ದರ್ಶನ ಮೊದಲೇ ಮುಗಿಸಿಕೊಳ್ಳಿ.

ಬೇಲೂರಿನಲ್ಲಿ ಎಲ್ಲವನ್ನೂ ನೋಡ್ತೀನಿ ಅಂತ ಹೊರಟರೆ ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ನನ್ನ ಮಾತು ಕೇಳಿ, ಮದನಿಕೆಯರಿಗೆ ಹೆಚ್ಚು ಹೊತ್ತು ಕೊಡಿ. ಸೂರಿನ ಕೆಳಗೆ ಓರೆಯಾಗಿ ಕೂರಿಸಿರುವ ಈ ಬೊಂಬೆಗಳು ಹೊರಗೆ 38, ಒಳಗೆ 4. ಕನ್ನಡಿ ಹಿಡಿದ ದರ್ಪಣ ಸುಂದರಿಯ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ. ಆಮೇಲೆ ಗೈಡ್ ಹತ್ತಿರ ಕೇಳಿ, ಹಣ್ಣಿನ ಮೇಲೆ ಕೂತ ನೊಣ, ಅದನ್ನು ಹಿಡಿಯಲು ಹೊಂಚು ಹಾಕಿದ ಹಲ್ಲಿ ಎಲ್ಲಿದೆ ಅಂತ. ಮದನಿಕೆಯ ತಲೆಯ ಮೇಲಿನ ಎಲೆ-ಬಳ್ಳಿಯ ಚಪ್ಪರದಲ್ಲಿ, ಅಷ್ಟು ಎತ್ತರದಲ್ಲಿ, ಯಾರ ಕಣ್ಣಿಗೆ ಬೀಳುತ್ತದೋ ಇಲ್ಲವೋ ಅನ್ನುವ ಜಾಗದಲ್ಲಿ ಅದನ್ನು ಕೆತ್ತಿದ್ದಾರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿರುತ್ತದೆ, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಅಷ್ಟು ಸೂಕ್ಷ್ಮ ಕೆಲಸಕ್ಕೆ ಅದೇ ಕಾರಣ. ಬೊಂಬೆಗಳ ಪೀಠದ ಮೇಲೆ ಕೆತ್ತಿದವರ ಹೆಸರೂ ಇವೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. 900 ವರ್ಷದ ನಂತರ ನಾವು ಕನ್ನಡದಲ್ಲೇ ಅವರ ಹೆಸರು ಓದಬಹುದು, ಎಷ್ಟು ಸಂತೋಷ ಅಲ್ವಾ?

ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ನೆ ನಿಂತಿರಿ. ನಡುವಿನ ನಾಲ್ಕನ್ನು ಬಿಟ್ಟರೆ ಒಂದು ಕಂಬದ ಹಾಗೆ ಇನ್ನೊಂದು ಇಲ್ಲ. ನರಸಿಂಹ ಕಂಬವನ್ನು ಹಿಂದೆ ತಿರುಗಿಸಬಹುದಿತ್ತು ಅಂತಾರೆ. ನಡುವಿನ ದುಂಡು ಜಗುಲಿಯ ಮೇಲೆ ಶಾಂತಲೆ ಕುಣಿಯುತ್ತಿದ್ದಳು ಅನ್ನೋದು ಊರಿನ ನಂಬಿಕೆ. ಅದೇ ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿ ಪಕ್ಕದಲ್ಲೇ ಇದೆ, ಅದಕ್ಕೂ ಹೋಗಿ ಬನ್ನಿ. ಅಂಗಳದ ದೀಪಸ್ತಂಭ ತಳಪಾಯ ಇಲ್ಲದೆ ತನ್ನ ತೂಕದ ಮೇಲೇ ನಿಂತಿದೆ, ಮಕ್ಕಳಿದ್ದರೆ ಅವರಿಗೆ ಇದೇ ಇಷ್ಟ ಆಗೋದು.

ಊಟ ಬೇಲೂರಿನಲ್ಲೇ ಮುಗಿಸಿ. ಹಳೇಬೀಡು ಅಲ್ಲಿಂದ 16 ಕಿ.ಮೀ. ಹೊಯ್ಸಳೇಶ್ವರದ ಹೊರಗೋಡೆಗೆ ಒಂದು ಸುತ್ತು ಬನ್ನಿ. ಕಾಲು ನೋವು ಅಂದರೆ ಪಕ್ಕದ ಹುಲ್ಲುಹಾಸಿನ ಮೇಲೆ ಕೂರಿಸಿ, ತೊಂದರೆ ಇಲ್ಲ. ಮ್ಯೂಸಿಯಂಗೆ ಶುಕ್ರವಾರ ರಜೆ. ಹತ್ತಿರದ ಪಾರ್ಶ್ವನಾಥ ಬಸದಿಗೆ ಹೋಗುವವರು ಕಡಿಮೆ. ಅದರ ಕಂಬಗಳಿಗೆ ಕೊಟ್ಟ ನುಣುಪು ಎಷ್ಟಿದೆ ಅಂದರೆ ಎದುರು ನಿಂತವರ ಪ್ರತಿಬಿಂಬ ಮೂಡುತ್ತದೆ.

ಸಂಜೆಗೆ ಬೆಳವಾಡಿ ಇಟ್ಟುಕೊಳ್ಳಿ. ಹಳೇಬೀಡಿನಿಂದ ಸುಮಾರು 12 ಕಿ.ಮೀ., ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದು. ಎರಡನೇ ವೀರಬಲ್ಲಾಳನ ಕಾಲದ ವೀರನಾರಾಯಣ ಗುಡಿ, ಸುಮಾರು 1200ರದ್ದು. ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹ, ಮೂವರಿಗೂ ಒಂದೊಂದು ಶಿಖರ, ಮೂರೂ ಸುಸ್ಥಿತಿಯಲ್ಲಿವೆ. ಬೇಲೂರಿನಲ್ಲಿ ಕಾಣದ್ದು ಇಲ್ಲಿ ಕಾಣುತ್ತದೆ. ಹೊರಗೆ ಬಯಲಿನಲ್ಲಿ ಸ್ವಲ್ಪ ದೂರ ನಿಂತು ಮೂರನ್ನೂ ಒಟ್ಟಿಗೆ ನೋಡಿ, ಆಮೇಲೆ ಒಳಗೆ ಹೋಗಿ. ಮುಂದಿನ ಮಂಟಪದಲ್ಲಿ ತಿರುಗಣೆಯಲ್ಲಿ ಕಡೆದ ಕಂಬಗಳು ಸಾಲಾಗಿವೆ. ವೇಣುಗೋಪಾಲನ ಕಾಲ ಬಳಿ ಕೊಳಲಿಗೆ ಕಿವಿಗೊಟ್ಟು ನಿಂತ ಹಸುಗಳನ್ನು ಅಮ್ಮನಿಗೆ ತೋರಿಸಿ.

ಬಸ್ಸಿನಲ್ಲಾದರೆ ಹಾಸನ, ಬೇಲೂರು, ಹಳೇಬೀಡು ಸುಲಭ. ದೊಡ್ಡಗದ್ದವಳ್ಳಿ, ಬೆಳವಾಡಿ ಎರಡನ್ನೂ ಸೇರಿಸಬೇಕು ಅಂದರೆ ಹಿರಿಯರ ಜೊತೆ ಕಾರೇ ಒಳ್ಳೇದು. ಬೆಳವಾಡಿಯಿಂದ ಹಾಸನಕ್ಕೆ ವಾಪಸ್ ಬರಬೇಡಿ, ಅದೇ ರಸ್ತೆಯಲ್ಲಿ ಮುಂದೆ ಹೋದರೆ ಚಿಕ್ಕಮಗಳೂರು ಸಿಗುತ್ತದೆ. ರಾತ್ರಿಗೆ ರೂಮು ಅಲ್ಲೇ ಮಾಡಿಕೊಳ್ಳಿ.