ಪ್ರತಿಕ್ರಿಯೆ: ಗೋವಾದ ಮಾಂಡವಿ ನದಿಯಲ್ಲಿ ಹತ್ತೇ ನಿಮಿಷಕ್ಕೆ ದೋಣಿಯ ಇಂಜಿನ್ ಬಿಸಿ

ಮಾಲ್ಡೀವ್ಸ್‌ಗೆ ಹೊರಡಬೇಕಿರುವ ನಿಮ್ಮ ದೋಣಿಯ ಇಂಜಿನ್ ಹತ್ತೇ ನಿಮಿಷಕ್ಕೆ ಯಾಕೆ ಬಿಸಿಯಾಗುತ್ತಿದೆ ಅಂತ ಕೇಳಿದ್ದೀರಿ. ಬಹುಶಃ ಇಂಪೆಲ್ಲರ್ (ಇಂಜಿನ್ ತಣಿಸಲು ಹೊರಗಿನ ನೀರು ಎಳೆಯುವ ಪಂಪಿನೊಳಗಿನ ರಬ್ಬರ್ ಚಕ್ರ) ಹೋಗಿದೆ. ಮಳೆಗಾಲ ಪೂರ್ತಿ ನಿಂತಿದ್ದ ದೋಣಿ, ಎಕ್ಸಾಸ್ಟ್‌ನಿಂದ (ಹೊಗೆ ಕೊಳವೆಯಿಂದ) ನೀರು ಸಣ್ಣಗೆ ಬರುತ್ತಿದೆ ಅಂದಿರಲ್ಲ, ಪಣಜಿಯಲ್ಲಿ ನನಗೂ ಹೀಗೇ ಆಗಿತ್ತು. ತಿಂಗಳುಗಟ್ಟಲೆ ಒಂದೇ ಕಡೆ ಬಾಗಿ ನಿಂತ ರಬ್ಬರ್ ಎಸಳುಗಳು ಬಿರುಕು ಬಿಡುತ್ತವೆ.

ಇಂಜಿನ್ ನಿಲ್ಲಿಸಿ, ತಣ್ಣಗಾಗಲಿ. ಸಮುದ್ರದ ನೀರು ಒಳಗೆ ಬರುವ ವಾಲ್ವ್ ಮುಚ್ಚಿ. ಮೊದಲು ಸ್ಟ್ರೈನರ್ (ಒಳಬರುವ ನೀರಿನ ಕಸ ತಡೆಯುವ ಜಾಲರಿ) ಬಿಚ್ಚಿ ನೋಡಿ. ನನಗೆ ಸಿಕ್ಕಿದ್ದು ಅಂಗೈ ಅಗಲದ ಹಾಲಿನ ಪ್ಯಾಕೆಟ್ ಚೂರು! ಜಾಲರಿ ಚೊಕ್ಕವಾಗಿದ್ದರೆ ವಾಲ್ವಿನಿಂದ ಬರುವ ಪೈಪ್ ಕಳಚಿ, ವಾಲ್ವನ್ನು ಒಂದು ಕ್ಷಣ ತೆರೆಯಿರಿ. ನೀರು ಜೋರಾಗಿ ನುಗ್ಗದಿದ್ದರೆ ದೋಣಿಯಡಿಯ ತೂತಿಗೆ ಚಿಪ್ಪು ಮೆತ್ತಿರಬಹುದು, ಮುಳುಗಿ ಕೆರೆಯಬೇಕು. ನುಗ್ಗಿದರೆ ವಾಲ್ವ್ ಮುಚ್ಚಿ, ಪೈಪ್ ಮತ್ತೆ ಜೋಡಿಸಿ, ಪಂಪಿನ ಮುಚ್ಚಳ ತೆಗೆದು ಇಂಪೆಲ್ಲರ್ ಹೊರಗೆಳೆಯಿರಿ. ಎಸಳು ಎಣಿಸಿ. ಕಮ್ಮಿ ಇದ್ದರೆ ಮುರಿದ ಎಸಳಿನ ಚೂರು ಮುಂದೆ ಹೀಟ್ ಎಕ್ಸ್‌ಚೇಂಜರ್ (ಹೊರಗಿನ ನೀರಿನಿಂದ ಇಂಜಿನ್ನಿನ ಬಿಸಿ ತೆಗೆಯುವ ಭಾಗ) ಬಾಯಲ್ಲಿ ಸಿಕ್ಕಿಕೊಂಡಿರುತ್ತದೆ, ಹುಡುಕಿ ತೆಗೆಯಲೇಬೇಕು. ಹೊಸದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಸವರಿ ಕೂರಿಸಿ, ಸುಮ್ನೆ ಗ್ರೀಸ್ ಹಚ್ಚಬೇಡಿ, ರಬ್ಬರ್ ಹಾಳು. ವಾಲ್ವ್ ತೆರೆದ ಮೇಲೇ ಸ್ಟಾರ್ಟ್ ಮಾಡಿ. ಮರೆತರೆ ಹೊಸದೂ ಸುಟ್ಟುಹೋಗುತ್ತದೆ.

ಆಮೇಲೂ ಬಿಸಿಯಾದರೆ ಎಕ್ಸಾಸ್ಟ್ ಎಲ್ಬೋ (ಹೊಗೆಗೆ ನೀರು ಸೇರುವ ಬಾಗಿದ ಕೊಳವೆ) ಕಟ್ಟಿಕೊಂಡಿರಬಹುದು, ಬಿಚ್ಚಿ ನೋಡದೆ ಹೇಳೋಕಾಗಲ್ಲ. ಮಾಲ್ಡೀವ್ಸ್‌ಗೆ ಹೊರಡುವ ಮುಂಚೆ ಎರಡು ಇಂಪೆಲ್ಲರ್, ಒಂದು ಗ್ಯಾಸ್ಕೆಟ್ (ಪಂಪಿನ ಮುಚ್ಚಳದಡಿ ನೀರು ಸೋರದಂತೆ ಹಾಕುವ ಪದರ) ಜಾಸ್ತಿ ಇಟ್ಟುಕೊಳ್ಳಿ.